ಬೆಂಗಳೂರಿಂದ ಮಂಗಳೂರಿಗೆ: ವಿಮಾನವೋ, ಬಸ್ಸೋ, ರೈಲೋ?

ನೇರ ಗೆರೆ ಎಳೆದರೆ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಸುಮಾರು 305 ಕಿ.ಮೀ. ಪೇಟೆಯಿಂದ ಪೇಟೆಗೆ ರಸ್ತೆಯಲ್ಲಿ 350 ಕಿ.ಮೀ. ಆಸುಪಾಸು. ಹಾರಾಟ ಒಂದು ಗಂಟೆ, ರಾತ್ರಿ ಬಸ್ಸಿಗೆ ಏಳೆಂಟು ಗಂಟೆ. ಇಷ್ಟೇ ನೋಡಿ ಟಿಕೆಟ್ ತೆಗೆಯಬೇಡಿ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸುಮಾರು 35 ಕಿ.ಮೀ. ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ. ಚೆಕ್-ಇನ್, ತಪಾಸಣೆಗೆ ಇನ್ನೆರಡು ಗಂಟೆ ಇಟ್ಟುಕೊಳ್ಳಿ. ಬಜ್ಪೆಯಲ್ಲಿ ಇಳಿದ ಮೇಲೆ ಪೇಟೆಗೆ ಮತ್ತೆ ಮುಕ್ಕಾಲು ಗಂಟೆ. ಹಾರಾಟವೂ ಸೇರಿ ಒಟ್ಟು ಐದೂಕಾಲು ಗಂಟೆ ಆಯಿತಲ್ವಾ? ಹಗಲಲ್ಲಿ ಹೋಗುವುದಾದರೆ ಉಳಿತಾಯ ಎರಡು-ಮೂರೇ ಗಂಟೆ. ಹೆಬ್ಬಾಳ, ಯಲಹಂಕದವರಿಗೆ ವಿಮಾನ ಜಾಸ್ತಿ ಅನುಕೂಲ. ಕೆಂಗೇರಿಯವರು ಸುಮ್ನೆ ಬಸ್ ಹತ್ತಲಿ.

ಮಳೆಗಾಲದ ಲೆಕ್ಕ ಬೇರೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಸುತ್ತಿ ಬರಬೇಕು. ಬಜ್ಪೆಯದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು. ಜುಲೈನಲ್ಲಿ ಮದುವೆ, ಸಂದರ್ಶನ ಇದ್ದರೆ ಒಂದು ದಿನ ಮೊದಲೇ ಹೊರಡಿ.

ರೈಲು ನಿಧಾನ. ಆದರೆ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುರಂಗ, ಸೇತುವೆ, ಕಾಡು! ಅವಸರವಿಲ್ಲದಿದ್ದರೆ ನನ್ನ ಆಯ್ಕೆ ಹಗಲು ರೈಲೇ.