ಗಡಿಯಾರ ಕಂಬದ ಬಳಿಯ ನಗೆಹನಿ ಸಂಪುಟಗಳು

ದಾವಣಗೆರೆಯ ಗಡಿಯಾರ ಕಂಬದಿಂದ ಐದು ನಿಮಿಷ ನಡೆದರೆ ಹಳೆಯ ಪುಸ್ತಕದ ಅಂಗಡಿಯೊಂದು ಸಿಗುತ್ತದೆ. ಬೋರ್ಡು ಇಲ್ಲ. ಬಾಗಿಲ ಪಕ್ಕದಲ್ಲಿ ಒಂದು ಬಕೆಟ್ ನೀರು, ಮೊಳೆಗೆ ತಗುಲಿಸಿದ ಒಗೆದ ಟವೆಲ್ ಕಂಡರೆ ಅದೇ ಅಂಗಡಿ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಪುಸ್ತಕ ಮುಟ್ಟಲು ಯಜಮಾನರು ಯಾರನ್ನೂ ಬಿಡುವುದಿಲ್ಲ. ನಾನು ಬೆಣ್ಣೆ ದೋಸೆ ತಿಂದು ನೇರವಾಗಿ ಅಲ್ಲಿಗೆ ಹೋಗಿದ್ದೆ. "ಅಣ್ಣಾ, ಮೊದಲು ಕೈ ತೊಳೆದುಕೊಳ್ಳಿ" ಎಂದರು. ಆ ಒಂದು ಮಾತಿಗೇ ಅಂಗಡಿಯ ಮೇಲೆ ನನಗೆ ನಂಬಿಕೆ ಹುಟ್ಟಿತು.

ನಾನು ಹೋದದ್ದು ಅವರ ನಗೆಹನಿ ಸಂಪುಟಗಳಿಗಾಗಿ. ರದ್ದಿಗೆ ಬಂದ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ತೂಕಕ್ಕೆ ಹಾಕುವ ಮೊದಲು ಅವರು ಪುಟಪುಟವನ್ನೂ ತಿರುವಿ ನೋಡುತ್ತಾರೆ. ಲೇಖನ ಮುಗಿದು ಉಳಿದ ಜಾಗದಲ್ಲಿ ಹಾಕಿರುವ ಮೂರು ನಾಲ್ಕು ಸಾಲಿನ ನಗೆಹನಿಗಳನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ, ಅಂಗಡಿ ಲೆಕ್ಕ ಬರೆಯುವ ಉದ್ದನೆಯ ಪುಸ್ತಕಗಳಲ್ಲಿ ಅಂಟಿಸುತ್ತಾರೆ. ಹೀಗೆ ಸೇರಿದ 9 ಸಂಪುಟಗಳಿವೆ. ಮಾರಾಟಕ್ಕಿಲ್ಲ. 100 ರೂಪಾಯಿ ಠೇವಣಿ ಇಟ್ಟು, ವಾರಕ್ಕೆ 20 ರೂಪಾಯಿ ಬಾಡಿಗೆ ಕೊಟ್ಟು ಮನೆಗೆ ಒಯ್ಯಬಹುದು.

ನಾನು ಇದೇ ಊರಿನ ಅಚ್ಚುಕೂಟವೊಂದರಲ್ಲಿ 22 ವರ್ಷ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವನು. ಒಂದು ಸಣ್ಣ ವಾರಪತ್ರಿಕೆ ನಮ್ಮಲ್ಲೇ ಅಚ್ಚಾಗುತ್ತಿತ್ತು. ಪುಟ ಕಟ್ಟುವಾಗ ಕೆಳಗೆ ಒಂದಂಗುಲ ಖಾಲಿ ಉಳಿದರೆ, ಗ್ಯಾಲಿ ಎಂಬ ತಟ್ಟೆಯಲ್ಲಿ ಮೊದಲೇ ಜೋಡಿಸಿಟ್ಟ ನಗೆಹನಿಗಳಲ್ಲಿ ಅಳತೆಗೆ ಹೊಂದುವುದನ್ನು ಆರಿಸಿ ಕೂರಿಸುತ್ತಿದ್ದೆವು. ಒಂದು ಸಾಲು ಹೆಚ್ಚಾದರೆ ಸಂಪಾದಕರು ಪಕ್ಕದಲ್ಲಿ ನಿಂತು ಪದಗಳನ್ನು ಕೀಳಿಸುತ್ತಿದ್ದರು. "ಆಗ", "ತಕ್ಷಣ", "ನಗುತ್ತಾ ಹೇಳಿದನು" ಇವೆಲ್ಲ ಹೋಗುತ್ತಿದ್ದವು. ಹೋದಷ್ಟೂ ನಗೆಹನಿಗೆ ಚುರುಕು ಬರುತ್ತಿತ್ತು. ಆದ್ದರಿಂದ ಈ ಸಂಪುಟಗಳನ್ನು ನಾನು ಓದಿದ್ದು ಬರೀ ನಗಲು ಅಲ್ಲ, ಪ್ರತಿ ಪದವೂ ಏಕೆ ಅಲ್ಲಿ ಕುಳಿತಿದೆ ಎಂದು ನೋಡಲು.

ಮೂರನೆಯ ಸಂಪುಟದಲ್ಲಿ ಇದಿದೆ: "ಸಮಯಪಾಲನೆ ಕುರಿತು ನಮ್ಮ ಸಂಘ ಏರ್ಪಡಿಸಿದ್ದ ಉಪನ್ಯಾಸವನ್ನು ಮುಂದಿನ ವಾರಕ್ಕೆ ಮುಂದೂಡಲಾಗಿದೆ. ಉಪನ್ಯಾಸಕರು ಬಂದಿದ್ದರು. ಸಂಘದವರು ಬಂದಿರಲಿಲ್ಲ."

ಇದನ್ನು ತಿರುಗಿಸಿ, "ಸಂಘದವರು ಬಂದಿರಲಿಲ್ಲ. ಉಪನ್ಯಾಸಕರು ಬಂದಿದ್ದರು" ಎಂದು ಓದಿ ನೋಡಿ. ಒಂದು ಅಕ್ಷರವೂ ಬದಲಾಗಿಲ್ಲ, ನಗು ಮಾತ್ರ ಹೋಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧ ಆ ಕ್ರಿಯಾಪದದ ಬಾಲದಲ್ಲಿ ಕುಳಿತಿರುತ್ತದೆ. "ಬಂದಿ" ಎಂಬಲ್ಲಿಯವರೆಗೂ ಬಂದರೋ ಬರಲಿಲ್ಲವೋ ತಿಳಿಯುವುದಿಲ್ಲ. ಬರೆದವರು ಆ ಬಾಲವನ್ನು ಕಡೆಯವರೆಗೆ ಮುಚ್ಚಿಟ್ಟಿದ್ದಾರೆ. ಸಂಘದವರು ಸೋಮಾರಿಗಳು ಎಂದು ಎಲ್ಲಿಯೂ ಹೇಳಿಲ್ಲ. ಅದನ್ನು ಓದುಗನೇ ಕಂಡುಕೊಳ್ಳಬೇಕು. ಕಂಡುಕೊಂಡ ಸಂತೋಷವೇ ನಗುವಾಗಿ ಹೊರಗೆ ಬರುತ್ತದೆ.

ಇನ್ನೊಂದು ಇದಕ್ಕಿಂತಲೂ ಚಿಕ್ಕದು: "ಪಕ್ಕದ ಮನೆಯವರು ಮಳೆಯಲ್ಲಿ ಬಂದು ಕೊಡೆ ಕೇಳಿದರು. ಕೊಡೆ ಎಂದೆ." ಛತ್ರಿಗೂ ಕೊಡೆ, ಕೊಡಲಾರೆ ಎನ್ನುವುದಕ್ಕೂ ಕೊಡೆ. ಮೊಳೆ ಜೋಡಿಸುವವನು ಕೇಸು ಎಂಬ ಮೊಳೆಪೆಟ್ಟಿಗೆಯ ಅವೇ ಮನೆಗಳಿಂದ ಅವೇ ಅಕ್ಷರಗಳ ಮೊಳೆಗಳನ್ನು ಎರಡು ಸಲ ಎತ್ತುತ್ತಾನೆ, ಎರಡನೆಯ ಸಲ ಅರ್ಥ ಮಗುಚಿ ಬೀಳುತ್ತದೆ. "ಕೊಡುವುದಿಲ್ಲ ಎಂದೆ" ಎಂದು ಬರೆದರೆ ಅದು ಬರೀ ಜಿಪುಣನ ವರದಿ. ಇದನ್ನು ನನ್ನ ಮೊಮ್ಮಗಳಿಗೆ ಓದಿ ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನಕ್ಕಳು. ಆ ಒಂದು ಕ್ಷಣಕ್ಕಾಗಿಯೇ ನಾನು ನಗೆಹನಿಗಳನ್ನು ಪ್ರೀತಿಸುತ್ತೇನೆ.

ಐದನೆಯ ಸಂಪುಟದಲ್ಲಿ ಹಾಸ್ಯಸಾಹಿತಿ ಬೀಚಿಯವರದು ಹೆಚ್ಚು. ಅವರು 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. 1997ರಿಂದ ಸುಮಾರು ಎರಡು ದಶಕ ಆ ತಾಲ್ಲೂಕು ನಮ್ಮ ಜಿಲ್ಲೆಯಲ್ಲೇ ಇದ್ದುದರಿಂದ ಅಂಗಡಿಗೆ ಬರುವವರು ಅವರನ್ನು "ನಮ್ಮ ಕಡೆಯವರು" ಎಂದೇ ಕರೆಯುತ್ತಾರೆ. ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ, ಉಳಿದುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಆ ಒಂದು ಹೆಸರು ಜೋಡಿಸಲು ಕನ್ನಡದ ಕೇಸು ಬಿಟ್ಟು ಎದ್ದು ಇಂಗ್ಲಿಷ್ ಕೇಸಿನ ಬಳಿಗೆ ಹೋಗಬೇಕಿತ್ತು. ಲೇಖನ ಶುರುವಾಗುವ ಮೊದಲೇ ಓದುಗನ ತುಟಿ ಅರಳುತ್ತಿತ್ತು.

ಯಜಮಾನರು ಕತ್ತರಿ ಹಾಕದೆ ಇಟ್ಟಿರುವುದು ಕೊರವಂಜಿಯ ಕೆಲವು ಹಳೆಯ ಸಂಚಿಕೆಗಳಿಗೆ ಮಾತ್ರ. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 25 ವರ್ಷ ನಡೆಸಿದ ಹಾಸ್ಯ ಮಾಸಪತ್ರಿಕೆ ಅದು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದಿದ್ದರು. ಏಕೆ ಕತ್ತರಿಸಲಿಲ್ಲ ಎಂದು ಕೇಳಿದೆ. "ಬೇರೆ ಪತ್ರಿಕೆಗಳಲ್ಲಿ ನಗೆಗೆ ಮೂಲೆ ಕೊಡುತ್ತಿದ್ದರು. ಇದರಲ್ಲಿ ಮನೆಯನ್ನೇ ಕೊಟ್ಟಿದ್ದಾರಲ್ಲ ಅಣ್ಣಾ" ಎಂದರು. ಈ ಸಂಚಿಕೆಗಳನ್ನು ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕುಳಿತು ಓದಬೇಕು, ಮನೆಗೆ ಕೊಡುವುದಿಲ್ಲ. ಕಾಗದ ಅಂಚಿನಲ್ಲಿ ಪುಡಿಯಾಗುತ್ತಿದೆ, ಹಾಗಾಗಿ ಅದು ಸರಿಯಾದ ನಿಯಮ.

ಕೊರತೆಗಳನ್ನೂ ಹೇಳಬೇಕು. ಹೆಂಡತಿಯ ಬಾಯಿ, ಸೊಸೆಯ ಅಡುಗೆ, ದಪ್ಪಗಿರುವವರ ಮೈ, ಇವುಗಳ ಮೇಲಿನ ನಗೆಹನಿಗಳು ಮೊದಲೆರಡು ಸಂಪುಟಗಳಲ್ಲಿ ತುಂಬಿಹೋಗಿವೆ. ಅವುಗಳಲ್ಲಿ ಕೊನೆಯ ಪದ ಏನೆಂದು ಮೊದಲ ಪದದಲ್ಲೇ ತಿಳಿಯುತ್ತದೆ, ಮೇಲಾಗಿ ನೋಯುವವರು ಪಕ್ಕದಲ್ಲೇ ಕುಳಿತಿರುತ್ತಾರೆ. ನಾಲ್ಕನೆಯದರಲ್ಲಿ ಕೆಲವು ಚೀಟಿಗಳು ಎರಡು ಪುಟಕ್ಕೆ ಹಂಚಿಹೋಗಿ, ಪ್ರಶ್ನೆ ಇಲ್ಲಿ, ಉತ್ತರ ಹಾಳೆಯ ಆಚೆ. ಒಂಬತ್ತನೆಯ ಸಂಪುಟ ಮಾತ್ರ ನನಗೆ ಬೇಸರ ತರಿಸಿತು. ಅದನ್ನು ಹೊಸದಾಗಿ ಕಂಪ್ಯೂಟರಿನಲ್ಲಿ ಟೈಪು ಮಾಡಿಸಿದ್ದಾರೆ. ಪ್ರತಿ ನಗೆಹನಿಯ ತುದಿಗೆ ಮೂರು ಮೂರು ಆಶ್ಚರ್ಯಸೂಚಕ ಚಿಹ್ನೆಗಳು. ಶ್ಲೇಷೆ ಇದ್ದಲ್ಲಿ ಎರಡನೆಯ ಅರ್ಥವನ್ನು ಕೆಳಗೆ ಬಿಡಿಸಿ ಬರೆದಿದ್ದಾರೆ. ಓದುಗನಿಗೆಂದು ಬಿಟ್ಟಿದ್ದ ಜಾಗವನ್ನೆಲ್ಲ ಮುಚ್ಚಿಬಿಟ್ಟರೆ ನಗಲು ಅವನಿಗೆ ಎಡೆ ಎಲ್ಲಿದೆ?

ಇದನ್ನು ಯಜಮಾನರಿಗೆ ಹೇಳಿದೆ. ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಕಪಾಟಿನಿಂದ ಬಿಳಿ ಕಾಗದದ ಪಟ್ಟಿಗಳನ್ನು ತೆಗೆದು, ಮೊದಲ ವಿವರಣೆಯ ಮೇಲೆ ಒಂದನ್ನು ಅಂಟಿಸಿ, ಉಳಿದ ಪಟ್ಟಿಗಳನ್ನೂ ಅಂಟಿನ ಡಬ್ಬಿಯನ್ನೂ ನನ್ನ ಕಡೆಗೆ ಸರಿಸಿದರು. ಅಂದು ಸಂಜೆಯೊಳಗೆ 31 ವಿವರಣೆಗಳನ್ನು ಮುಚ್ಚಿದೆವು. ಉಳಿದುದಕ್ಕೆ ಬರುವ ಶನಿವಾರ ಹೋಗುತ್ತೇನೆ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಭಾನುವಾರ ರಜೆ.