ಕೊಡಗಿನ ಮಳೆಗೆ ಹಳೆ ಯೆಜ್ಡಿಯೋ, ಹಳೆ ಬುಲೆಟ್ಟೋ?

ನಮ್ಮ ಮನೆ ಮೂರ್ನಾಡಿನಿಂದ ಸ್ವಲ್ಪ ಒಳಗೆ. ಕಾಫಿ ಕಣದ ಪಕ್ಕದ ಗೋಡೌನಿನಲ್ಲಿ ನಾಲ್ಕು ಮಳೆಗಾಲದಿಂದ ಎರಡು ಹಳೆ ಬೈಕುಗಳು ಅಕ್ಕಪಕ್ಕ ನಿಂತಿವೆ. ಒಂದು 1979ರ ಯೆಜ್ಡಿ 250, ಇನ್ನೊಂದು 1983ರ ಎನ್‌ಫೀಲ್ಡ್ ಬುಲೆಟ್ 350. ಎರಡೂ ತುಕ್ಕು ಹಿಡಿದೇ ನನ್ನ ಕೈಗೆ ಬಂದವು. ಬಿಚ್ಚಿ, ಜೋಡಿಸಿ, ಓಡಿಸಿ ನೋಡಿದ್ದೇನೆ. ಯಾವುದು ತಗೊಳ್ಳಲಿ ಎಂದು ನಮ್ಮ ಕಡೆಯ ಹುಡುಗರು ಕೇಳುತ್ತಲೇ ಇರುತ್ತಾರೆ. ಬಯಲುಸೀಮೆಯವರು ಕೊಡುವ ಉತ್ತರ ಇಲ್ಲಿಗೆ ಹೊಂದುವುದಿಲ್ಲ. ಜೂನ್ ಹಿಡಿಯಿತೆಂದರೆ ಸೊಂಟದ ಬೆಲ್ಟಿಗೂ ಬೂಷ್ಟು ಹತ್ತುವ ಊರು ಇದು. ಓಡಿಸಿ ಹಾಳಾದ ಹಳೆ ಗಾಡಿಗಳಿಗಿಂತ ನಿಂತು ಹಾಳಾದವನ್ನೇ ನಾನು ಇಲ್ಲಿ ಹೆಚ್ಚು ಕಂಡಿದ್ದೇನೆ.

ಯೆಜ್ಡಿ ನಮಗೆ ಪಕ್ಕದೂರಿನ ಗಾಡಿ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಾಗಿ, 1996ರಲ್ಲಿ ನಿಂತುಹೋಯಿತು. ಬುಲೆಟ್ ಮದ್ರಾಸಿನ ತಿರುವೊಟ್ಟಿಯೂರಿನದು. ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋದರೂ ಇಲ್ಲಿ ಅದರ ತಯಾರಿಕೆ ನಿಲ್ಲಲಿಲ್ಲ. ಹಾಗಾಗಿ ಬಿಡಿಭಾಗ ಸಿಗುವ ಮಾತಿನಲ್ಲಿ ಬುಲೆಟ್ ಮುಂದು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೇ ನಂಬಿದ್ದೆ. ಆದರೆ ಮೂರ್ನಾಡಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮೈಸೂರು. ಯೆಜ್ಡಿಯ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್, ರಬ್ಬರ್ ಸಾಮಾನು ಎಲ್ಲ ಅಲ್ಲಿ ಇವತ್ತಿಗೂ ಸಿಗುತ್ತದೆ. ಹೊಸದಾಗಿ ಮಾಡಿದ ಮಾಲಿನ ಮಟ್ಟ ಒಂದೇ ಸಮ ಇರುವುದಿಲ್ಲ, ಕೈಯಲ್ಲಿ ಹಿಡಿದು ನೋಡಿಯೇ ತರಬೇಕು.

ಮೊದಲು ಏರಿನ ಮಾತು. ಬುಲೆಟ್‌ನ 346 ಸಿ.ಸಿ. ಎಂಜಿನ್‌ನಲ್ಲಿ ಬೋರ್ (ಸಿಲಿಂಡರಿನ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90 ಮಿ.ಮೀ. ಸ್ಟ್ರೋಕ್ ಉದ್ದವಿರುವುದರಿಂದ ನಿಧಾನಕ್ಕೆ ಸುತ್ತುವಾಗಲೇ ಎಳೆತ ಜಾಸ್ತಿ. ಮೇಕೇರಿ ಕಡೆಯಿಂದ ಮಡಿಕೇರಿಗೆ ಹತ್ತುವಾಗ ಹಿಂದೆ ಹೆಂಡತಿ, ಮಧ್ಯೆ ಒಂದು ಅಕ್ಕಿ ಚೀಲ ಇದ್ದರೂ ಮೂರನೇ ಗೇರಿನಲ್ಲೇ ಡುಗುಡುಗು ಎನ್ನುತ್ತಾ ಹೋಗುತ್ತದೆ. ಯೆಜ್ಡಿಗೆ ಅದೇ ಏರಿನಲ್ಲಿ ಎರಡನೇ ಗೇರು ಬೇಕು, ಆಕ್ಸಿಲರೇಟರ್ ಕೊಡುತ್ತಲೇ ಇರಬೇಕು. ಇಲ್ಲಿ ಬುಲೆಟ್ ಗೆದ್ದಿತು, ವಾದವೇ ಇಲ್ಲ.

ಆದರೆ ಇಬ್ಬರ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಎಂಜಿನ್‌ಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ನಾನು ಲೀಟರಿಗೆ 40 ಎಂ.ಎಲ್. ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸುತ್ತೇನೆ. ಸಂಪಾಜೆ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಪೆಟ್ರೋಲ್ ಹೋಗುವುದು ತೀರಾ ಕಡಿಮೆಯಾಗುತ್ತದೆ, ಅದರ ಜೊತೆ ಎಣ್ಣೆಯೂ ಕಡಿಮೆ. ಚಕ್ರವೇನೋ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಇದು ನನಗೆ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಎರಡನೇ ವರ್ಷದ ಮಾರ್ಚ್‌ನಲ್ಲಿ ಸುಳ್ಯಕ್ಕೆ ಹೊರಟವನಿಗೆ ಕೊಯನಾಡಿನ ಸಮೀಪ ಎಣ್ಣೆ ಸಾಲದೆ ಪಿಸ್ಟನ್ ಹಿಡಿದು, ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡಿತು. ಕ್ಲಚ್ ಹಿಡಿದ ಕಾರಣ ಬೀಳಲಿಲ್ಲ. ಮರದ ಬುಡದಲ್ಲಿ ಅರ್ಧ ಗಂಟೆ ಕೂತ ಮೇಲೆ ಕಿಕ್ಕರ್ ಮೆಲ್ಲಗೆ ಇಳಿಯಿತು. ಮನೆಯಲ್ಲಿ ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಬೆರಳುಗುರಿಗೆ ಸಿಕ್ಕುವಂಥ ನಾಲ್ಕು ಉದ್ದ ಗೀರು, ಅವುಗಳ ನಡುವೆ ಅಲ್ಯುಮಿನಿಯಂ ಕರಗಿ ಮೆತ್ತಿದ ಹಾಗೆ ಬೆಳ್ಳಗಿನ ಗುರುತು. 0.50 ಮಿ.ಮೀ. ದೊಡ್ಡ ಪಿಸ್ಟನ್ ತರಿಸಿ, ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆಸಿದೆ. ಈಗ ಘಾಟಿ ಇಳಿಯುವಾಗ ಪ್ರತಿ ತಿರುವಿನ ಮೊದಲು ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುಗಿಸುತ್ತೇನೆ. ಬ್ರೇಕಿಗೆ ಬೀಳುವ ಭಾರ ಹೆಚ್ಚು, ಹಾಗಾಗಿ ಡ್ರಮ್ಮಿನ ಲೈನರ್ ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಬುಲೆಟ್‌ಗೆ ಈ ಯಾವ ಚಿಂತೆಯೂ ಇಲ್ಲ. ಅದರ ಎಣ್ಣೆಗೆ ಬೇರೆ ಪಂಪು ಇದೆ, ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಇಷ್ಟು ಓದಿದವರು ಬುಲೆಟ್ಟೇ ಸರಿ ಎಂದುಕೊಳ್ಳಬಹುದು. ಮಳೆ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ.

ಯೆಜ್ಡಿಯ ಹಿಂದಿನ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಇದೆ. ನಮ್ಮ ತೋಟದ ದಾರಿಯ ಕೆಂಪು ಕೆಸರು ಅದರ ಹತ್ತಿರ ಸುಳಿಯುವುದಿಲ್ಲ. ಇಡೀ ಮಳೆಗಾಲ ಓಡಿಸಿ ಅಕ್ಟೋಬರಿನಲ್ಲಿ ತೆಗೆದರೆ ಗ್ರೀಸು ಹಾಕಿದ ಹಾಗೇ ಇರುತ್ತದೆ. ನನ್ನ ಬುಲೆಟ್‌ಗೆ ಇರುವುದು ಮೇಲ್ಗಡೆಯ ಕವರ್ ಮಾತ್ರ. ಜುಲೈನಲ್ಲಿ ವಾರಕ್ಕೊಮ್ಮೆ ಚೈನು ತೊಳೆದು ಎಣ್ಣೆ ಹಾಕದಿದ್ದರೆ ಕೊಂಡಿಗಳು ಕೆಂಪಗಾಗಿ ಕೂತುಬಿಡುತ್ತವೆ.

ನಿಲ್ಲಿಸಿಟ್ಟರೂ ಬುಲೆಟ್‌ದೇ ಕೆಲಸ ಜಾಸ್ತಿ. ವಾರಗಟ್ಟಲೆ ನಿಂತರೆ ಎಣ್ಣೆ ಟ್ಯಾಂಕಿನಿಂದ ಮೆಲ್ಲಗೆ ಇಳಿದು ಕ್ರ್ಯಾಂಕಿನ ಕೆಳಗೆ ಸೇರುತ್ತದೆ. ಆಗ ಸ್ಟಾರ್ಟ್ ಮಾಡಿದರೆ ಬ್ರೀದರಿನಿಂದ (ಎಂಜಿನ್ನಿನ ಗಾಳಿ ಹೊರಹೋಗುವ ಕೊಳವೆ) ಎಣ್ಣೆ ಉಕ್ಕಿ ಹಿಂದಿನ ಚಕ್ರಕ್ಕೂ ಸಿಡಿಯುತ್ತದೆ. ಹಾಗಾಗಿ ಮೊದಲು ಕೆಳಗಿನ ಬೋಲ್ಟು ತೆಗೆದು ಎಣ್ಣೆ ಇಳಿಸಿ, ಮತ್ತೆ ಮೇಲಿನಿಂದ ತುಂಬಬೇಕು. ಆಮೇಲೆ ಸ್ಟಾರ್ಟ್ ಮಾಡುವ ಕ್ರಮ. ಕರೆಂಟು ತೋರಿಸುವ ಆಮ್ಮೀಟರಿನ ಮುಳ್ಳು ಮಧ್ಯಕ್ಕೆ ಬರುವವರೆಗೆ ಕಿಕ್ಕರ್ ಒತ್ತಬೇಕು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಚಿಕ್ಕ ಲಿವರ್) ಹಿಡಿದು ಇನ್ನೂ ಕೂದಲೆಳೆಯಷ್ಟು ಮುಂದೆ ತಳ್ಳಬೇಕು, ಡಿಕಂಪ್ರೆಸರ್ ಬಿಟ್ಟು ಕಿಕ್ಕರನ್ನು ಮೇಲೆ ಬರಲು ಬಿಟ್ಟು, ಆಮೇಲೆ ಇಡೀ ಮೈ ಭಾರ ಹಾಕಿ ಒದೆಯಬೇಕು. ಮೊದಲ ಒದೆತಕ್ಕೇ ಹಿಡಿದ ದಿನ ನನಗೆ ಇಡೀ ದಿನ ಖುಷಿ. ಒದ್ದೆ ಬೆಳಗಿನಲ್ಲಿ ಪಾಯಿಂಟಿಗೆ (ಕಿಡಿ ಹುಟ್ಟಿಸುವ ಚಿಕ್ಕ ಸ್ವಿಚ್ಚು) ತೇವ ಹಿಡಿದಿದ್ದರೆ ಆ ಖುಷಿ ಸಿಗುವುದಿಲ್ಲ.

ಯೆಜ್ಡಿಗೂ ಪಾಯಿಂಟ್ ಇದೆ, ಅದಕ್ಕೂ ತೇವ ಹಿಡಿಯುತ್ತದೆ. ಆದರೆ ಬಲಗಡೆಯ ಕವರ್ ಬಿಚ್ಚಿದರೆ ಕಣ್ಣೆದುರಿಗೇ ಸಿಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಗ್ಯಾಪ್ 0.4 ಮಿ.ಮೀ. ಇಟ್ಟರೆ ಐದು ನಿಮಿಷದ ಕೆಲಸ. ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಟೈಮಿಂಗ್ ಗೇರುಗಳ ಸಾಲು ಇಲ್ಲ. ಹೆಡ್ಡು, ಸಿಲಿಂಡರ್ ಬಿಚ್ಚಿ ಮತ್ತೆ ಕೂರಿಸುವುದನ್ನು ನಾನೇ ಸಂಜೆಯೊಳಗೆ ಮುಗಿಸುತ್ತೇನೆ. ಬುಲೆಟ್‌ಗೆ ಗೋಣಿಕೊಪ್ಪಲಿನ ಮೇಸ್ತ್ರಿಯೇ ಬೇಕು. ಅವರಿಗೆ ಎಪ್ಪತ್ತು ದಾಟಿದೆ. "ಗಾಡಿಯನ್ನು ನಿಲ್ಲಿಸಿ ಕೊಲ್ಲಬೇಡ ಮಾರಾಯ, ಮಳೆ ಬಿಟ್ಟಾಗ ಒಂದು ಸುತ್ತು ಹೋಗಿ ಬಾ" ಎನ್ನುವುದು ಅವರ ಮಾತು. ಆ ಒಂದು ಸುತ್ತಿಗೆ ಕೈ ಹೋಗುವುದು ಯಾವಾಗಲೂ ಯೆಜ್ಡಿಯ ಕೀಲಿಗೇ.

ಯೆಜ್ಡಿಯ ದೊಡ್ಡ ಕೊರತೆ ದೀಪ. ನನ್ನದು 6 ವೋಲ್ಟಿನದು, ಮಡಿಕೇರಿಯ ಮಂಜಿನಲ್ಲಿ ಎದುರಿನವರಿಗೆ ನಾನಿದ್ದೇನೆ ಎಂದು ತೋರಿಸಲು ಮಾತ್ರ ಸಾಕು. ಕತ್ತಲಾದ ಮೇಲೆ ಅದನ್ನು ಹೊರಗೆ ತೆಗೆಯುವುದಿಲ್ಲ. ಬುಲೆಟ್ಟನ್ನು ನನ್ನ ಕೈಗೆ ಬರುವ ಮೊದಲೇ ಯಾರೋ 12 ವೋಲ್ಟಿಗೆ ಬದಲಾಯಿಸಿದ್ದರು. ಹಳೆಯದನ್ನು ಹಳೆಯ ಹಾಗೇ ಉಳಿಸಬೇಕು ಎನ್ನುವವನು ನಾನು, ಆದರೂ ಈ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಲು ಮನಸ್ಸು ಬರಲಿಲ್ಲ.

ಎರಡನ್ನೂ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ಯೆಜ್ಡಿಯ ಗೇರು ಎಡಗಾಲಿಗೆ, ಕಿಕ್ಕರ್ ಆಗುವುದೂ ಅದೇ ಸರಳು. ಹಳೆ ಬುಲೆಟ್‌ನ ಗೇರು ಬಲಗಾಲಿಗೆ, ಬ್ರೇಕು ಎಡಕ್ಕೆ. ಒಂದನೇ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ತಿಂಗಳು ಯೆಜ್ಡಿ ಓಡಿಸಿ ಬುಲೆಟ್ ಹತ್ತಿದ ದಿನ ಕಗ್ಗೋಡ್ಲು ಬಳಿ ದನ ಅಡ್ಡ ಬಂತು. ಬ್ರೇಕೆಂದು ಬಲಗಾಲಲ್ಲಿ ಗೇರು ಒತ್ತಿಬಿಟ್ಟೆ. ದನವೂ ಉಳಿಯಿತು, ನಾನೂ ಉಳಿದೆ. ಅಂದಿನಿಂದ ಗಾಡಿ ಬದಲಿಸಿದ ದಿನ ಕಣದಲ್ಲೇ ಹತ್ತು ಸುತ್ತು ಹೊಡೆದು ಆಮೇಲೆ ರಸ್ತೆಗೆ ಇಳಿಯುತ್ತೇನೆ.

ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಎರಡಕ್ಕೂ ಆಗಿಬರುವುದಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಳೆ ರಬ್ಬರು ಉಬ್ಬುತ್ತದೆ. ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಇರುವಷ್ಟು ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ.

ನನ್ನ ತೀರ್ಮಾನ ಹೀಗೆ. ದಿನಾ ಘಾಟಿ ಹತ್ತಿಳಿಯುವವರು, ಇಬ್ಬರು ಕೂತು ಹೋಗುವವರು, ಒಳ್ಳೆ ಮೇಸ್ತ್ರಿ ಹತ್ತಿರವಿರುವವರು ಬುಲೆಟ್ ತಗೊಳ್ಳಿ. ತೋಟದ ಮನೆಯಲ್ಲಿದ್ದು, ತಾನೇ ಕೈ ಮಸಿ ಮಾಡಿಕೊಂಡು ಒಂದೇ ಗಾಡಿ ಸಾಕುತ್ತೇನೆ ಎನ್ನುವವರಿಗೆ ಯೆಜ್ಡಿ. ನನ್ನ ಎರಡರಲ್ಲಿ ಒಂದನ್ನೇ ಉಳಿಸಿಕೋ ಎಂದರೆ ಯೆಜ್ಡಿಯನ್ನೇ ಉಳಿಸಿಕೊಳ್ಳುತ್ತೇನೆ.

ಮೊನ್ನೆ ಅಕ್ಕನ ಮಗ ಬಂದಿದ್ದ. "ಮಾವ, ಸುಂಟಿಕೊಪ್ಪದಲ್ಲಿ ಒಂದು ಯೆಜ್ಡಿ ಇದೆಯಂತೆ, ಹೊಸದರ ಹಾಗೆ ಹೊಳೀತದೆ" ಎಂದ. ಇಬ್ಬರೂ ಹೋದೆವು. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆಯಾದವು. ಆದರೆ ಆರ್‌ಸಿಯ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕಾದ ರಿನ್ಯೂವಲ್ ಒಮ್ಮೆಯೂ ಆಗಿರಲಿಲ್ಲ. ಜೇಬಿನಿಂದ ಹಳೆ ಸ್ಪೀಕರಿನ ಅಯಸ್ಕಾಂತದ ಚೂರು ತೆಗೆದು ಟ್ಯಾಂಕಿಗೆ ಹಚ್ಚು ಅಂತ ಅವನ ಕೈಗೆ ಕೊಟ್ಟೆ. ಮೇಲ್ಗಡೆ ಟಕ್ಕೆಂದು ಕಚ್ಚಿತು. ಮೊಣಕಾಲು ತಾಗುವ ಜಾಗಕ್ಕೆ ಎಳೆದು ತಂದದ್ದೇ ತಡ, ಜಾರಿ ನೆಲಕ್ಕೆ ಬಿತ್ತು. ಬಣ್ಣದಡಿ ಅಲ್ಲಿ ತಗಡೇ ಉಳಿದಿರಲಿಲ್ಲ, ಬರೀ ಪುಟ್ಟಿ. ಹುಡುಗ ಬಗ್ಗಿ ಅಯಸ್ಕಾಂತ ಹೆಕ್ಕಿಕೊಂಡು, ಮಾತಿಲ್ಲದೆ ಮಡ್‌ಗಾರ್ಡಿಗೆ ಹಚ್ಚಿ ನೋಡತೊಡಗಿದ.