ಮೂರೇ ದಿನಕ್ಕೆ ಮುಟ್ಟು ನಿಲ್ಲಿಸಿದ ಪುಡಿ

ಹೋದ ವಾರ ಓರಗಿತ್ತಿ ಫೋನ್ ಮಾಡಿದ್ದಳು. "ಅಕ್ಕಾ, ಆ ಪಂಡಿತರ ಪುಡಿ ಪೊಟ್ಟಣ ಏನಾದ್ರೂ ಉಳಿದಿದ್ಯಾ? ನಮ್ಮ ಅತ್ತಿಗೆಗೂ ನಿಮ್ಗಾಗ್ತಿತ್ತಲ್ಲ, ಹಂಗೇ ಆಗ್ತಿದೆ" ಅಂದಳು. ಎದೆ ಧಸಕ್ಕೆಂದಿತು. ಪುಡಿ ಕೆಲಸ ಮಾಡಿತು ಅನ್ನೋ ಸುದ್ದಿ ನೆಂಟರ ಮನೆಗಳನ್ನೆಲ್ಲ ಸುತ್ತಿ ಬಂದಿದೆ. ಆಮೇಲೆ ಆದದ್ದು ಮಾತ್ರ ನನ್ನ ಹತ್ತಿರವೇ ಉಳಿದುಬಿಟ್ಟಿದೆ. ಮುಟ್ಟಿನ ವಿಷಯ ಅಲ್ಲವೇ, ಅರ್ಧ ಹೇಳುತ್ತೇವೆ, ಅರ್ಧ ನುಂಗುತ್ತೇವೆ. ಆ ನುಂಗಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ 43. ತಿಪಟೂರು ಕಡೆಯವಳು, ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಮುಟ್ಟು ಐದು ದಿನದಿಂದ ಒಂಬತ್ತು, ಹತ್ತು ದಿನಕ್ಕೆ ಹೋಯಿತು. ಗಂಟೆಗೊಂದು ಪ್ಯಾಡ್, ಜೊತೆಗೆ ಗಡ್ಡೆ ಗಡ್ಡೆಯಾಗಿ ಹೋಗುವುದು. ತಿಳಿ ಬಣ್ಣದ ಸೀರೆಗಳೆಲ್ಲ ಬೀರು ಸೇರಿದವು. ಪಾಠ ಮಾಡುವಾಗ ಕುರ್ಚಿಯಿಂದ ಏಳುವುದಕ್ಕೂ ಭಯ. ಮೊದಮೊದಲು ಮನೆ ಮದ್ದೇ ಮಾಡಿದೆ: ಬಾಳೆ ಹೂವಿನ ಪಲ್ಯ, ಮುಟ್ಟಿದರೆ ಮುನಿ ಸೊಪ್ಪಿನ ರಸ, ಕೊತ್ತಂಬರಿ ಕಷಾಯ. ಅದರಿಂದ ಕೆಡುಕೇನೂ ಆಗಲಿಲ್ಲ, ಮುಟ್ಟೂ ನಿಲ್ಲಲಿಲ್ಲ.

ಆಮೇಲೆ ಒಂದು ನರ್ಸಿಂಗ್ ಹೋಮಿಗೆ ಹೋದೆ. ಸ್ಕ್ಯಾನಿಂಗಿನಲ್ಲಿ 3 ಸೆಂಟಿಮೀಟರಿನ ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ, ಕಂಡಿತು. ಡಾಕ್ಟರಮ್ಮ ಐದು ನಿಮಿಷವೂ ಮಾತಾಡಲಿಲ್ಲ. "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ. ಬುಧವಾರ ಬನ್ನಿ" ಅಂದರು, ಅಷ್ಟೇ. ಎರಡು ತಿಂಗಳಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನಾನು ಬುಧವಾರ ಹೋಗಲಿಲ್ಲ.

ಈ ಭಯ ಪೆದ್ದುತನ ಅಂತ ಯಾರೂ ಬೈಯಬೇಡಿ. ನಮ್ಮ ದೊಡ್ಡಮ್ಮನಿಗೆ ಮೂವತ್ತೈದಕ್ಕೇ ತೆಗೆದುಹಾಕಿದ್ದರು. ಯಾಕೆ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕಲಬುರಗಿ ಕಡೆ ತಾಂಡಾಗಳ ಹೆಣ್ಣುಮಕ್ಕಳು, ಹೊಟ್ಟೆನೋವು ಅಂತ ಹೋದವರ ಗರ್ಭಕೋಶವನ್ನೇ ತೆಗೆದು ಕಳಿಸಿದರು ಅಂತ ಬೀದಿಗಿಳಿದದ್ದು ಪೇಪರಿನಲ್ಲೆಲ್ಲ ಬಂದಿತ್ತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಪುಡಿ ಮಾರುವವರಿಗೆ ಈ ಭಯವೇ ಬಂಡವಾಳ. ನಾನು ಹೋದಾಗ ಪಂಡಿತರು ಮೊದಲು ಕೇಳಿದ್ದು, "ತೆಗೆಸ್ಬೇಕು ಅಂದ್ರಾ?" ಅಂತಲೇ. ಹೂಂ ಅಂದೆ. "ನನ್ನ ಹತ್ರ ಬಂದ್ರಲ್ಲ, ಉಳೀತು ಬಿಡಿ" ಅಂದರು. ಅಲ್ಲಿಗೆ ನಾನು ಬಿದ್ದೆ.

ಅವರ ಊರು, ಹೆಸರು ಬರೆಯುವುದಿಲ್ಲ. ಭಾನುವಾರ, ಗುರುವಾರ ಔಷಧಿ ಕೊಡುತ್ತಾರೆ. ಬೆಳಗಿನ ಜಾವ ಐದಕ್ಕೇ ಟೋಕನ್. ಅಂಗಳದಲ್ಲಿ ಐವತ್ತು ಅರವತ್ತು ಹೆಂಗಸರು, ಕೈಯಲ್ಲಿ ಎಲೆ ಅಡಿಕೆ. ಸಲಹೆಗೆ ದಕ್ಷಿಣೆ ಎಷ್ಟಾದರೂ ಸರಿ, ಪುಡಿಗೆ ಮಾತ್ರ ತಿಂಗಳಿಗೆ 1,800 ರೂಪಾಯಿ. ಪೇಪರಿನಲ್ಲಿ ಮಡಿಸಿದ ಇಪ್ಪತ್ತೊಂದು ಪೊಟ್ಟಣ, ಮೇಲೆ ಒಂದಕ್ಷರ ಬರಹ ಇಲ್ಲ. ಏನೇನು ಹಾಕಿದ್ದೀರಿ ಅಂದೆ. "ಅಶೋಕದ ಚಕ್ಕೆ, ಲೋಧ್ರ, ಹಲವು ಮಕ್ಕಳ ತಾಯಿ ಬೇರು. ಮಿಕ್ಕಿದ್ದು ಗುರುಗಳು ಹೇಳ್ಕೊಟ್ಟಿದ್ದು, ಹೇಳೋ ಹಾಗಿಲ್ಲ." ಅಕ್ಕಿ ತೊಳೆದ ನೀರಿನಲ್ಲಿ ಕಲಸಿ ಕುಡಿಯಬೇಕು. ಇಪ್ಪತ್ತೊಂದು ದಿನ ಕುಡಿದು ಏಳು ದಿನ ಬಿಡಬೇಕು. ಬದನೆಕಾಯಿ, ಮೊಟ್ಟೆ, ಮಾಂಸ ವರ್ಜ್ಯ. ಕಬ್ಬಿಣದ ಮಾತ್ರೆ ಉಷ್ಣ, ಇವತ್ತೇ ನಿಲ್ಲಿಸಿ ಅಂದರು. ನಿಲ್ಲಿಸಿದೆ.

ಮೂರನೇ ದಿನಕ್ಕೆ ಮುಟ್ಟು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಆ ಖುಷಿಯಲ್ಲಿ ನಾನೇ ಆರೇಳು ಜನಕ್ಕೆ ವಿಳಾಸ ಕೊಟ್ಟೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಏಳು ದಿನದ ಬಿಡುವು ಬಂತು. ಪುಡಿ ನಿಲ್ಲಿಸಿದ ಮೂರನೇ ದಿನ ಕೋಡಿ ಬಿದ್ದ ಕೆರೆ ಹಾಗೆ ಹೋಯಿತು. ಹೆದರಿ ಫೋನ್ ಮಾಡಿದರೆ, "ಕೆಟ್ಟ ರಕ್ತ ಹೊರಗೆ ಹೋಗ್ತಿದೆ, ಗರ್ಭಕೋಶ ಶುದ್ಧಿ ಆಗ್ತಿದೆ, ಒಳ್ಳೇದೇ" ಅಂದರು. ಮತ್ತೆ ಪುಡಿ, ಮತ್ತೆ ನಿಂತಿತು. ಹೀಗೇ ಏಳು ತಿಂಗಳು. ಪ್ರತಿ ಬಿಡುವಿನಲ್ಲೂ ಶುದ್ಧಿ, ಪ್ರತಿ ಶುದ್ಧಿಗೂ ನಾನು ಇನ್ನಷ್ಟು ಬಿಳಿಚಿಕೊಳ್ಳುತ್ತಾ ಹೋದೆ. ಫ್ರಿಜ್ಜಿನ ಐಸ್ ಕಟಕಟ ಕಡಿಯುವ ಚಟ ಹತ್ತಿತು. ಡಬ್ಬಿಯಿಂದ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮಗಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಮೈಯಲ್ಲಿ ಕಬ್ಬಿಣ ಬರಿದಾದಾಗ ಇಂಥ ಆಸೆ ಹುಟ್ಟುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು. ಸ್ಕೂಲಿನ ಮೆಟ್ಟಿಲು ಹತ್ತುವಾಗ ಎದೆ ಡವಡವ. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆಯೇ ಕುಸಿದೆ.

ನನ್ನನ್ನು ಉಳಿಸಿದ್ದು ಒಬ್ಬ ಆಯುರ್ವೇದ ಡಾಕ್ಟರೇ. ನಾಟಿ ಔಷಧಿ, ಆಯುರ್ವೇದ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬೈಯುವವರು ಇದನ್ನೂ ಓದಿಕೊಳ್ಳಿ. ಸಹೋದ್ಯೋಗಿಯೊಬ್ಬರು ಬಲವಂತವಾಗಿ ಕರೆದುಕೊಂಡು ಹೋದರು. ಆ ಹುಡುಗಿ ಬಿಎಎಂಎಸ್ ಓದಿದವಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿದಳು. "ಮೇಡಂ, ಅಸೃಗ್ದರಕ್ಕೆ, ಅಂದ್ರೆ ಹೀಗೆ ಮುಟ್ಟು ಜಾಸ್ತಿ ಹೋಗೋದಕ್ಕೆ, ನಮ್ಮಲ್ಲಿ ಔಷಧಿ ಇದೆ. ಆದ್ರೆ ಈಗ ನಾನು ಏನೂ ಕೊಡಲ್ಲ. ಮೊದಲು ರಕ್ತ ಪರೀಕ್ಷೆ, ಈಗಲೇ" ಅಂದಳು. ಹಿಮೋಗ್ಲೋಬಿನ್ 5.4 ಬಂತು. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ ಅಂತಲೇ ಲೆಕ್ಕ. ಅವತ್ತೇ ರಾತ್ರಿ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು.

ಅಲ್ಲಿನ ಹೆರಿಗೆ ವಿಭಾಗದ ಹಿರಿಯ ಡಾಕ್ಟರು ಕಥೆ ಪೂರಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಇಪ್ಪತ್ತೊಂದು ದಿನ ತಿಂದು ಏಳು ದಿನ ಬಿಡಿ ಅನ್ನೋದು ಯಾವ ಗ್ರಂಥದ ಲೆಕ್ಕಾರೀ? ಅದು ನಮ್ಮ ಹಾರ್ಮೋನ್ ಮಾತ್ರೆ ಲೆಕ್ಕ." ನಾರ್‌ಎಥಿಸ್ಟಿರಾನ್ ಅಂತ ಒಂದು ಮಾತ್ರೆ ಇದೆ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿನ್ನುತ್ತೇವಲ್ಲ, ಅದೇ. ತಿಂದರೆ ಒಂದೆರಡು ಮೂರು ದಿನದಲ್ಲಿ ರಕ್ತಸ್ರಾವ ನಿಲ್ಲುತ್ತದೆ, ಬಿಟ್ಟ ಎರಡರಿಂದ ನಾಲ್ಕು ದಿನದಲ್ಲಿ ಮುಟ್ಟು ಬರುತ್ತದೆ. ನನ್ನ ಕಥೆ ಈ ಲೆಕ್ಕಕ್ಕೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಪುಡಿಯಲ್ಲಿ ಅದನ್ನೇ ಅರೆದು ಹಾಕಿದ್ದರು ಅಂತ ಸಾಬೀತು ಮಾಡಲು ನನ್ನ ಹತ್ತಿರ ಪುರಾವೆ ಇಲ್ಲ. ಪೊಟ್ಟಣದ ಮೇಲೆ ಹೆಸರಿಲ್ಲ, ಬಿಲ್ಲಿಲ್ಲ. ಒಂದು ವೇಳೆ ಅದೇ ಆಗಿದ್ದರೆ ಐದಾರು ರೂಪಾಯಿಯ ಮಾತ್ರೆಯನ್ನು, ರಕ್ತದೊತ್ತಡ ಕೇಳದೆ, ಲಿವರ್ ವಿಚಾರಿಸದೆ, ಏಳು ತಿಂಗಳು ಕುಡಿಸಿದ ಹಾಗಾಯಿತು. ರಕ್ತ ನಿಂತಾಗೆಲ್ಲ ಫೈಬ್ರಾಯ್ಡ್ ಕರಗುತ್ತಿದೆ ಅಂದುಕೊಂಡಿದ್ದೆ. ಅದು ಇದ್ದಲ್ಲೇ ಇತ್ತು.

ಸೀಸದ ಪರೀಕ್ಷೆಯನ್ನೂ ಮಾಡಿಸಿದರು. 2004ರ ಒಂದು ವರದಿಯ ಪ್ರಕಾರ, ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತಂತೆ. 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಆರು ಬಸುರಿಯರಿಗೆ ಸೀಸದ ವಿಷ ಏರಿದ್ದು ವರದಿಯಾಗಿತ್ತು, ಎಲ್ಲರೂ ನಮ್ಮ ದೇಶದ ಇಂಥ ಔಷಧಿ ತಿಂದವರೇ. ಸೀಸ ತಾಯಿಯ ರಕ್ತದಿಂದ ನೇರ ಮಗುವಿಗೆ ಹೋಗುತ್ತದೆ. ಮಕ್ಕಳಾಗಲಿ ಅಂತ ಪುಡಿ ತಿನ್ನುತ್ತಿರುವ ಹುಡುಗಿಯರು ಈ ಸಾಲನ್ನು ಎರಡು ಸಲ ಓದಿ. ನನ್ನ ಪುಣ್ಯ, ನನಗೆ ಸೀಸ ಏರಿರಲಿಲ್ಲ.

ಇನ್ನು ಗರ್ಭಕೋಶದ ವಿಷಯ. ಒಳಪೊರೆಯ ಬಯಾಪ್ಸಿ ಮಾಡಿದರು, ಕ್ಯಾನ್ಸರ್ ಇರಲಿಲ್ಲ. ಕಬ್ಬಿಣದ ಇಂಜೆಕ್ಷನ್ ಕೊಟ್ಟು ರಕ್ತ ಏರಿದ ಮೇಲೆ, ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ದುರ್ಬೀನು ಹಾಕಿ ಫೈಬ್ರಾಯ್ಡ್ ಕೆತ್ತಿ ತೆಗೆದರು. ಗರ್ಭಕೋಶ ಹಾಗೇ ಉಳಿಯಿತು. ಇಂಥದ್ದೊಂದು ದಾರಿ ಇದೆ, ಒಳಗೆ ಹಾಕುವ ಹಾರ್ಮೋನ್ ಕಾಯಿಲ್ ಇದೆ, ರಕ್ತ ಕಡಿಮೆ ಮಾಡುವ ಮಾತ್ರೆ ಇದೆ ಅಂತ ಮೊದಲ ಡಾಕ್ಟರಮ್ಮ ಹತ್ತು ನಿಮಿಷ ಕೂತು ಹೇಳಿದ್ದರೆ ನಾನು ಆ ಅಂಗಳಕ್ಕೆ ಕಾಲಿಡುತ್ತಲೇ ಇರಲಿಲ್ಲ. ಅವರ ಮೇಲಿನ ಸಿಟ್ಟು ಪಂಡಿತರ ಮೇಲಿರುವುದಕ್ಕಿಂತ ಕಡಿಮೆಯೇನಲ್ಲ.

ಹಾಗಾಗಿ, ತೆಗೆಸಿಬಿಡಿ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ, ಪುಡಿಯವರನ್ನಲ್ಲ. ಮುಟ್ಟು ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ಬೇಕಾದರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಕಷಾಯ ಕಾಯಿಸುತ್ತಾ ಕೂರಬೇಡಿ. ಆಯುರ್ವೇದವೇ ಬೇಕು ಅನ್ನುವವರು ಓದಿ ನೋಂದಣಿ ಮಾಡಿಸಿದ ವೈದ್ಯರ ಹತ್ತಿರ ಹೋಗಿ. ಡಬ್ಬಿಯ ಮೇಲೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇರಲೇಬೇಕು. ಗ್ರಂಧಿಗೆ ಅಂಗಡಿಯಲ್ಲಿ ಅಶೋಕದ ಚಕ್ಕೆ ಕೊಳ್ಳುವವರಿಗೂ ಒಂದು ಮಾತು: ರಸ್ತೆ ಬದಿ ನೆಟ್ಟಗೆ ಕಂಬದ ಹಾಗೆ ನಿಲ್ಲುವ ಮರದ್ದನ್ನು ಔಷಧಿಯ ಸೀತಾ ಅಶೋಕದ್ದು ಅಂತ ಬೆರೆಸಿ ಮಾರುವುದು ಹಳೇ ಕಸುಬು. ಮುಟ್ಟಿನ ದೋಷ ಸರಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ವಾಟ್ಸಾಪಿನಲ್ಲಿ ದಿನಾ ಬರುತ್ತದೆ, ಅದು ಬೇರೆ ಮಾತು.

ಓರಗಿತ್ತಿಗೆ ಪೊಟ್ಟಣ ಕೊಡಲಿಲ್ಲ. "ನಿಮ್ಮತ್ತಿಗೆ ಐಸ್ ತಿಂತಾರಾ ಕೇಳು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಐಸಲ್ಲಕ್ಕಾ, ಸೀಮೆಸುಣ್ಣ" ಅಂದಳು. ಮಾರನೇ ದಿನವೇ ರಕ್ತ ಪರೀಕ್ಷೆ ಮಾಡಿಸಿ ಅಂತ ಬೆನ್ನು ಬಿದ್ದೆ. ನಿನ್ನೆ ಮೆಸೇಜ್ ಬಂದಿದೆ: 7.1. ಸೋಮವಾರ ಇಬ್ಬರೂ ಬರುತ್ತಾರೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.